ಸಾಹೇಬರ ಪಾಠ

ಅವರೆಕಾಯಿ ಸುಲಿಯುವುದನ್ನು ಸರಸಿಗೆ ಕಲಿಸಲು ನನಗೆ ಒಂದು ಇಡೀ ಚಳಿಗಾಲ ಹಿಡಿಯಿತು. ಎಡಗಡೆ ಬುಟ್ಟಿಯಲ್ಲಿ ಸಿಪ್ಪೆ, ಬಲಗಡೆ ತಟ್ಟೆಯಲ್ಲಿ ಕಾಳು. ಕೈ ಹಿಡಿದು ಹಿಡಿದು ತಿದ್ದಿದೆ. ಸಂಕ್ರಾಂತಿಯ ಹೊತ್ತಿಗೆ ಅವಳು ಒಂದೇ ಒಂದು ಕಾಳು ತಪ್ಪದಂತೆ ಸುಲಿಯತೊಡಗಿದಳು. ನನಗೆ ಹೆಮ್ಮೆಯೋ ಹೆಮ್ಮೆ. ಮರುದಿನ ಅವಳ ತಾಯಿ ಶಾಲೆಯ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನ್ ಕಲ್ಸಿದ್ದೀರ ಟೀಚರಮ್ಮ? ಸೊಗಡವರೆ ಎಲ್ಲಾನೂ ನಮ್ಮ ಹಸ ತಿಂತು. ಮನೇಲಿ ನಾವು ಸಿಪ್ಪೆಸಾರು ಕುಡೀಬೇಕಾ?"

ಆಗಿದ್ದಿಷ್ಟು. ಮನೆಯಲ್ಲಿ ಬುಟ್ಟಿ ಬಲಕ್ಕಿತ್ತು, ತಟ್ಟೆ ಎಡಕ್ಕಿತ್ತು. ಸರಸಿ ಕಲಿತದ್ದನ್ನು ಕಲಿತ ಹಾಗೆಯೇ ಮಾಡಿದ್ದಳು. ಕಾಳೆಲ್ಲ ಬುಟ್ಟಿಗೆ, ಬುಟ್ಟಿಯಿಂದ ಹಸುವಿಗೆ.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗಿಯರಿಗೆ ನಾನು ಹೇಳುವ ಮೊದಲ ಮಾತು ಇದೇ. ನಮ್ಮ ಮಕ್ಕಳು ಕಲಿಯುವುದಿಲ್ಲ ಎಂದು ಜನ ಹೇಳುತ್ತಾರೆ. ಅದು ಸುಳ್ಳು. ಅವರು ಕಲಿತರೆ ಎಡ ಬಲದ ಸಮೇತ ಕಲಿಯುತ್ತಾರೆ. ಕಲಿತದ್ದನ್ನು ಎಲ್ಲಿ ಬಿಡಬೇಕು ಎಂಬುದು ಅವರಿಗೆ ತಿಳಿಯುವುದಿಲ್ಲ. ಅವರೆಕಾಳು ಹಸು ತಿಂದರೆ ನಕ್ಕು ಮರೆಯಬಹುದು. ಎಲ್ಲದಕ್ಕೂ ಹಾಗೆ ಆಗುವುದಿಲ್ಲ. ಮುನಿರಾಜುವಿನ ವಿಷಯ ಬರೆಯಲು ಕುಳಿತಿದ್ದೇನೆ, ಅದಕ್ಕೇ ಸರಸಿ ಮೊದಲು ನೆನಪಾದಳು.

ನಾನು ಹುಟ್ಟಿದ್ದು ಮಾಕಳಿಯಲ್ಲಿ, ಮದುವೆಯಾಗಿ ಬಂದಿದ್ದು ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸಿಗೆ. ಓದಿದ್ದು ಎಸ್ಸೆಸ್ಸೆಲ್ಸಿ. ನಮ್ಮನೆಯವರು ಮೊದಲ ಶಿಫ್ಟಿಗೆ ಹೋದ ಮೇಲೆ ಮನೆಗೆಲಸ ಮುಗಿಸಿ, ದೇವರಿಗೆ ಹೂವಿಟ್ಟು, ಆಮೇಲೆ ಏನು ಮಾಡುವುದು ಎಂದು ತೋಚದೆ ಕೂರುತ್ತಿದ್ದ ದಿನಗಳು ಅವು. ಎಪ್ಪತ್ತರ ದಶಕ ಶುರುವಾಗಿತ್ತು. ಹತ್ತಿರದಲ್ಲೇ ಶೀಟಿನ ಎರಡು ಕೋಣೆಗಳಲ್ಲಿ ಒಂದು ಶಾಲೆ ತೆರೆದರು. ಅಂಗಳದಲ್ಲಿ ಒಂದು ಹೊಂಗೆ ಮರ. ಜನ ಅದನ್ನು 'ಪೆದ್ದರ ಶಾಲೆ' ಎನ್ನುತ್ತಿದ್ದರು. ಬೋರ್ಡಿನ ಮೇಲೆ 'ಮಂದಬುದ್ಧಿ ಮಕ್ಕಳ ಶಾಲೆ' ಎಂದಿತ್ತು. ಈಗ ಬೌದ್ಧಿಕ ಅಸಾಮರ್ಥ್ಯ ಎನ್ನುತ್ತೀರಿ, ಒಳ್ಳೆಯದೇ ಆಯಿತು. ಮಧ್ಯಾಹ್ನ ಮಕ್ಕಳಿಗೆ ಊಟ ಮಾಡಿಸಲು ಒಬ್ಬರು ಬೇಕಾಗಿತ್ತು, ಹೋದೆ. ಊಟ ಮಾಡಿಸುವವಳು ಟೀಚರಮ್ಮ ಆದದ್ದು ಹೇಗೆ ಎಂಬುದರಿಂದ ಯಾರಿಗೂ ಉಪಯೋಗವಿಲ್ಲ, ಬಿಡಿ.

ನಮ್ಮ ಮನೆದೇವರು ಶಿವಗಂಗೆಯ ಗಂಗಾಧರ. ಸಂಜೆ ದೀಪ ಹಚ್ಚುವಾಗ ಆ ದಿನ ಸಿಕ್ಕ ಒಂದು ಸಣ್ಣ ದಯೆಯನ್ನು ಅವನ ಮುಂದೆ ಹೇಳಿಕೊಳ್ಳುವುದು ನನ್ನ ಅಮ್ಮ ಹಾಕಿಕೊಟ್ಟ ಅಭ್ಯಾಸ. ದೊಡ್ಡದೇನೂ ಅಲ್ಲ. ಇವತ್ತು ಯಾವ ಮಗುವಿಗೂ ಫಿಟ್ಸ್ ಬರಲಿಲ್ಲ. ಇವತ್ತು ಸರಸಿ ತಾನೇ ಜಡೆ ಹೆಣೆದುಕೊಂಡಳು. ಇಂಥವೇ. ಏನೂ ಸಿಗದ ದಿನ ಹಾಲು ಒಡೆಯಲಿಲ್ಲವಲ್ಲ ಎಂದಾದರೂ ಹೇಳುತ್ತಿದ್ದೆ.

ಶಾಲೆಯ ಮುಖ್ಯಸ್ಥೆ ಲೀಲಾಬಾಯಿ ಮೇಡಂ. ಮದುವೆಯಾಗಿರಲಿಲ್ಲ. ಗಂಜಿ ಹಾಕಿದ ಕಾಟನ್ ಸೀರೆ, ಬಿಸಿಲಿರಲಿ ಮಳೆಯಿರಲಿ ಕೈಯಲ್ಲೊಂದು ಕೊಡೆ. ಮಕ್ಕಳಿಗೆ ಅಯ್ಯೋ ಪಾಪ ಅಂದವರನ್ನು ಅದೇ ಕೊಡೆಯಲ್ಲಿ ತಿವಿದು ಆಚೆಗೆ ಕಳಿಸಿಬಿಡುವರೇನೋ ಎನ್ನುವಂಥ ಹೆಂಗಸು. "ಕಮಲಾ, ನಮ್ಮ ಮಕ್ಕಳಿಗೆ ಬೇಕಾದ್ದು ಕಣ್ಣೀರಲ್ಲ, ಕೆಲಸ" ಎನ್ನುತ್ತಿದ್ದರು. ಪೀಣ್ಯದಲ್ಲಿ ಆಗ ಶೆಡ್ಡಿನ ಪಕ್ಕ ಶೆಡ್ಡು ಏಳುತ್ತಿತ್ತು. ಮೇಡಂ ಒಂದೊಂದೇ ಶೆಡ್ಡಿನ ಬಾಗಿಲು ತಟ್ಟಿ, ದೊಡ್ಡವರಾದ ಹುಡುಗರಿಗೆ ಬೇರ್ಪಡಿಸುವ, ಕಟ್ಟುವ, ಪೆಟ್ಟಿಗೆಗೆ ತುಂಬುವ ಕೆಲಸ ಕೊಡಿಸತೊಡಗಿದರು.

ಮೊದಲು ಹೋದ ಹುಡುಗ ಒಂದೇ ತಿಂಗಳಲ್ಲಿ ವಾಪಸ್ ಬಂದ. ರಟ್ಟಿನ ಡಬ್ಬ ಮಾಡುವ ಶೆಡ್ಡಿನ ಮಾಲೀಕರೇ ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕರೆತಂದಿದ್ದರು.

"ಹುಡುಗ ಕೆಲಸ ಚೆನ್ನಾಗಿ ಮಾಡ್ತಾನೆ ಮೇಡಂ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಯಾರಾದ್ರೂ ಸ್ವಲ್ಪ ಜೋರಾಗಿ ಮಾತಾಡಿದ್ರೆ ಸಾಕು, ಮಿಷಿನ್ ಹಿಂದೆ ಕೂತ್ಕೊಂಡು ಅಳ್ತಾನೆ. ನಾನು ಕೆಲಸ ಮಾಡಿಸ್ಲಾ, ಜೋಗುಳ ಹಾಡ್ಲಾ?"

ಅವತ್ತೇ ಮೇಡಂ ಸಾಹೇಬರ ಪಾಠ ಶುರು ಮಾಡಿದರು. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಹೊಂಗೆ ಮರದ ಕೆಳಗೆ ಒಂದು ಕುರ್ಚಿ. ಮೇಡಂ ಕನ್ನಡಕ ಹಾಕಿಕೊಂಡು ಸಾಹೇಬರಾಗಿ ಕೂರುವರು. ದೊಡ್ಡ ಹುಡುಗರು ಸಾಲಿನಲ್ಲಿ ಒಬ್ಬೊಬ್ಬರಾಗಿ ಮುಂದೆ ಬರಬೇಕು. ನೆಟ್ಟಗೆ ನಿಲ್ಲಬೇಕು, ಮುಖ ನೋಡಬೇಕು, ನಗಬೇಕು.

"ನಮಸ್ಕಾರ ಸಾರ್."

"ಚೆನ್ನಾಗಿದ್ದೀಯೇನೋ?"

"ಚೆನ್ನಾಗಿದ್ದೀನಿ ಸಾರ್."

"ಹೇಳಿದ ಕೆಲಸ ಮಾಡ್ತೀಯಾ?"

"ಮಾಡ್ತೀನಿ ಸಾರ್."

ಆಮೇಲೆ ಮೇಡಂ ದನಿ ಏರಿಸಿ ಬೈಯುವರು. "ಏನೋ ಇದು, ಕತ್ತೆ! ನೀನೇನಾ ಇದನ್ನ ಕೆಡಿಸಿದ್ದು?" ಹುಡುಗ ನಗು ಮಾಸದಂತೆ "ಹೌದು ಸಾರ್, ಆಯ್ತು ಸಾರ್" ಎನ್ನಬೇಕು. ಕೊನೆಗೆ "ಥ್ಯಾಂಕ್ಯೂ ಸಾರ್". ಅತ್ತವನು, ತುಟಿ ನಡುಗಿದವನು ಮತ್ತೆ ಸಾಲಿನ ತುದಿಗೆ. ನಕ್ಕವನಿಗೆ ಹುರಿಗಡಲೆ ಬೆಲ್ಲ. ಹುರಿಗಡಲೆಯ ಡಬ್ಬ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದವಳು ನಾನು.

ಆ ಪಾಠದಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿಯಿತು. ಅದನ್ನು ಮರೆತು ಮಾತನಾಡುವುದು ತಪ್ಪಾಗುತ್ತದೆ. ಬೈದರೂ ನಗುತ್ತಾ ಕೆಲಸ ಮಾಡುವ ಹುಡುಗರು ಎಂದು ಶೆಡ್ಡಿನವರೇ ಬಂದು ಕೇಳತೊಡಗಿದರು.

ಎಲ್ಲರಿಗಿಂತ ಚೆನ್ನಾಗಿ ಕಲಿತವನು ಮುನಿರಾಜು. ಪೀಣ್ಯದ ಹಳೆಯ ಊರಿನವನು. ಅಪ್ಪ ಇರಲಿಲ್ಲ, ತಾಯಿ ಗಂಗಮ್ಮ ಹೂವು ಕಟ್ಟಿ ಮಾರುತ್ತಿದ್ದಳು. ಮೀಸೆ ಮೂಡಿದ ಮೇಲೂ ಅವನು ಶಾಲೆಯಲ್ಲೇ ಇದ್ದ. ಅಗಲವಾದ ಹೆಗಲು, ದಪ್ಪ ಕೈಗಳು, ಮುಖ ಮಾತ್ರ ಎಳೆ ಮಗುವಿನದು. ಮೊದಮೊದಲು ಬಹಳ ಅಳುತ್ತಿದ್ದ. ಸಾಲಿನ ತುದಿಗೆ ಹೋಗಿ ಹೋಗಿ, ಒಂದು ದಿನ ಅಳುವುದನ್ನು ಬಿಟ್ಟ. ಆಮೇಲೆ ಅವನ ನಗು ಯಾರು ಏನಂದರೂ ಮಾಸುತ್ತಿರಲಿಲ್ಲ. ಮೇಡಂ ಅವನನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. "ಒಬ್ಬನೇ ಬಸ್ಸಿನಲ್ಲಿ ಬರ್ತಾನೆ, ಚಿಲ್ಲರೆ ಸರಿಯಾಗಿ ತಗೋತಾನೆ, ಬೇಕಾದ್ರೆ ಮಾತಾಡಿಸಿ ನೋಡಿ." ಅವನು ಮುಂದೆ ಬಂದು, "ನಮಸ್ಕಾರ ಸಾರ್, ಚೆನ್ನಾಗಿದ್ದೀನಿ ಸಾರ್."

ಹಳೆಯ ಮೋಟರುಗಳನ್ನು ಬಿಚ್ಚಿ ಹೊಸ ತಂತಿ ಸುತ್ತುವ ಒಂದು ಶೆಡ್ಡಿನಲ್ಲಿ ಅವನಿಗೆ ಕೆಲಸವಾಯಿತು. ಸುಟ್ಟ ಮೋಟರಿನೊಳಗಿನ ತಾಮ್ರದ ತಂತಿಯನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ಎಳೆದು, ಕಟ್ಟು ಕಟ್ಟಿ ಜೋಡಿಸಿಡುವುದು. ಅಲ್ಲಿ ಕಾವಲಿಗೆ ರುದ್ರಯ್ಯ ಎಂಬ ಮುದುಕರಿದ್ದರು. ಮುನಿರಾಜು ಅವರನ್ನು ತಾತ ಎನ್ನುತ್ತಿದ್ದ. ಇಬ್ಬರೂ ಮಧ್ಯಾಹ್ನ ಗೇಟಿನ ಪಕ್ಕ ಕೂತು ಮುದ್ದೆ ಉಣ್ಣುತ್ತಿದ್ದರಂತೆ. ರಜೆಯ ದಿನ ನಮ್ಮ ಮನೆಗೆ ಬಂದಾಗ, "ತಾತಂದು ದೊಡ್ ಮುದ್ದೆ, ನಂದು ಸಣ್ ಮುದ್ದೆ ಟೀಚರಮ್ಮ" ಎಂದು ಕೈಯಲ್ಲಿ ಅಳತೆ ತೋರಿಸುತ್ತಿದ್ದ. ಆ ಸಂಜೆಗಳಲ್ಲಿ ದೀಪದ ಮುಂದೆ ಹೇಳಲು ನಾನು ದಯೆ ಹುಡುಕಬೇಕಾಗಿರಲಿಲ್ಲ.

ಸರಕು ಸಾಗಿಸಲು ಬರುತ್ತಿದ್ದ ಟೆಂಪೋ ಡ್ರೈವರ್ ಬಾಬು ಒಂದು ಶನಿವಾರ ಇವನಿಗೆ, "ನಾಳೆ ಬಾರೋ ಮುನಿರಾಜ, ತಾಮ್ರ ತುಂಬೋದೈತೆ" ಎಂದ. ಭಾನುವಾರ ಶೆಡ್ಡಿಗೆ ರಜೆ. ರಜೆಯ ದಿನ ಯಾಕೆ ಎಂದು ಕೇಳುವುದನ್ನು ಇವನಿಗೆ ಯಾರೂ ಕಲಿಸಿರಲಿಲ್ಲ. ಒಗೆದ ಅಂಗಿ ಹಾಕಿಕೊಂಡು ಹೋದ. ತಾಮ್ರದ ಕಟ್ಟುಗಳನ್ನು ಟೆಂಪೋಗೆ ತುಂಬುತ್ತಿದ್ದಾಗ ರುದ್ರಯ್ಯ ಊಟ ಬಿಟ್ಟು ಎದ್ದು ಬಂದು ತಡೆದರು. ಮುನಿರಾಜುವಿನ ಕೈಯಲ್ಲಿ ಸಲಾಕೆಯಿತ್ತು. ಅದರಿಂದ ಬಿದ್ದ ಪೆಟ್ಟಿಗೆ ರುದ್ರಯ್ಯ ಅಲ್ಲೇ ಪ್ರಾಣ ಬಿಟ್ಟರು.

ಸೋಮವಾರ ಬೆಳಿಗ್ಗೆ ಮುನಿರಾಜು ಎಂದಿನಂತೆ ಬುತ್ತಿ ಹಿಡಿದು ಕೆಲಸಕ್ಕೆ ಹೋದ. ಗೇಟಿನಲ್ಲಿ ಪೊಲೀಸರು ನಿಂತಿದ್ದರು. ಇವನು ಅವರಿಗೂ ನಮಸ್ಕಾರ ಸಾರ್ ಎಂದ.

ಬಾಬು ಎರಡು ದಿನದಲ್ಲಿ ಸಿಕ್ಕಿಬಿದ್ದ. ಆದರೆ ಅವನು ಬುದ್ಧಿವಂತ. ಸರ್ಕಾರದ ಪರ ಸಾಕ್ಷಿ ಹೇಳುತ್ತೇನೆ, ನನ್ನನ್ನು ಬಿಡಿ ಎಂದು ಮಾಫಿಸಾಕ್ಷಿಯಾದ. ಕಳ್ಳತನಕ್ಕೆ ಇಬ್ಬರೂ ಸೇರಿದ್ದೆವು, ಕೊಲೆ ಮಾತ್ರ ಮುನಿರಾಜುವಿನದೇ ತಲೆ, ನಾನು ಟೆಂಪೋದಲ್ಲಿ ಕೂತಿದ್ದೆ ಎಂದ. ಮುನಿರಾಜುವನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಅವರು ಕಾನೂನಿನಲ್ಲಿ ಇರುವಂತೆಯೇ, ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ಅದು ನಿನಗೇ ಮುಳುವಾಗಬಹುದು, ಯೋಚನೆ ಮಾಡು ಎಂದು ಸಮಯ ಕೊಟ್ಟರಂತೆ. ಇವನು "ಆಯ್ತು ಸಾರ್" ಎಂದ. ನೀನೇ ಹೊಡೆದೆಯಾ? ಹೌದು ಸಾರ್. ಸಾಯಲಿ ಅಂತಲೇ ಹೊಡೆದೆಯಾ? ಹೌದು ಸಾರ್. ಯಾರ ಹೆದರಿಕೆಯೂ ಇಲ್ಲದೆ ನೀನಾಗಿಯೇ ಹೇಳುತ್ತಿದ್ದೀಯಾ? ಹೌದು ಸಾರ್. ಥ್ಯಾಂಕ್ಯೂ ಸಾರ್.

ನಾನೂ ಗಂಗಮ್ಮನೂ ಮೊದಲ ಸಲ ಅವನನ್ನು ನೋಡಲು ಹೋದದ್ದು ಊರ ನಡುವಿನ ಸೆಂಟ್ರಲ್ ಜೈಲಿಗೆ. ಜಾಲರಿಯ ಆಚೆ ಅವನು, ಈಚೆ ನಾವು. ಗಂಗಮ್ಮ ಜಾಲರಿಗೆ ಹಣೆ ಕೊಟ್ಟು ನಿಂತಳು.

"ಯಾಕ್ಲಾ ಇಂಗ್ ಮಾಡ್ದೆ ನನ್ ಮಗನೆ? ತಾತ ನಿಂಗೇನ್ಲಾ ಅನ್ಯಾಯ ಮಾಡಿದ್ದ?"

ನಾನು ಏನನ್ನೂ ಕೇಳಲಿಲ್ಲ. ಕೇಳಿದರೆ ಹೌದು ಎನ್ನುತ್ತಾನೆ ಎಂದು ನನಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಅವನೇ ಹೇಳಿದ.

"ತಾತ ಮುದ್ದೆ ತಿಂತಿದ್ರು. ತಾತ ಬೈದ್ರು. ಬಾಬಣ್ಣ ಹೊಡಿಯೋ ಅಂದ್ರು. ಆಯ್ತಣ್ಣ ಅಂದೆ. ತಾತ ಮುದ್ದೆ ಬಿಟ್ಬಿಟ್ರು."

ಹೇಳಿ ನನ್ನ ಮುಖ ನೋಡಿ ನಕ್ಕ. ಪಾಠ ಒಪ್ಪಿಸಿದವನು ಹುರಿಗಡಲೆಗೆ ಕಾಯುತ್ತಾನಲ್ಲ, ಹಾಗೆ.

ಹೊಡೆದದ್ದು ಅವನೇ. ಇದನ್ನು ನಾನು ಯಾವತ್ತೂ ಮುಚ್ಚಿ ಮಾತಾಡಿಲ್ಲ. ಹೊಡೆಯುವುದು ತಪ್ಪು ಎಂದು ಅವನಿಗೆ ಕಲಿಸಿದ್ದೆವು, ಕೇಳಿದರೆ ತಪ್ಪು ಎಂದೇ ಹೇಳುತ್ತಿದ್ದ. ಹೇಳಿದ್ದನ್ನು ಮಾಡಬೇಕು ಎಂದೂ ಕಲಿಸಿದ್ದೆವು. ಎರಡೂ ಒಟ್ಟಿಗೆ ಎದುರು ಬಂದಾಗ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ನಮಗೇ ಎಷ್ಟೋ ಸಲ ತಿಳಿಯುವುದಿಲ್ಲ.

ಸರ್ಕಾರವೇ ಅವನಿಗೊಬ್ಬ ವಕೀಲನನ್ನು ಕೊಟ್ಟಿತ್ತು. ನಾಗೇಶ್ ಎಂದು, ಕರಿ ಕೋಟು ಇನ್ನೂ ಹೊಸದಾಗಿ ಹೊಳೆಯುತ್ತಿದ್ದ ಹುಡುಗ. ಅವನು ನನಗೆ ಕೋರ್ಟಿನ ಜಗಲಿಯಲ್ಲಿ ತಿಳಿಸಿ ಹೇಳಿದ. "ನೋಡೀಮ್ಮ, ಕಾನೂನು ಕೇಳೋದು ಒಂದೇ ಪ್ರಶ್ನೆ. ಇವನು ಹುಚ್ಚನಾ, ಅಲ್ವಾ? ಜೈಲಿನ ಡಾಕ್ಟರು ಅಲ್ಲ ಅಂತ ಬರೆದಿದ್ದಾರೆ. ಮಾತಾಡಿಸಿದ್ರೆ ಸರಿಯಾಗಿ ಉತ್ತರ ಕೊಡ್ತಾನೆ ಅಂತಾನೂ ಬರೆದಿದ್ದಾರೆ."

"ಹುಚ್ಚ ಅಲ್ಲಪ್ಪ, ಹುಚ್ಚು ಬೇರೆ. ಇದು ಬೆಳೆಯದ ಬುದ್ಧಿ."

"ಅದು ನಂಗೂ ಗೊತ್ತು. ಅದನ್ನ ಹಾಕಕ್ಕೆ ಕಾನೂನಲ್ಲಿ ಗೂಡಿಲ್ಲ. ಶಿಕ್ಷೆ ಕಡಿಮೆ ಮಾಡಿ ಅಂತ ಬೇಡ್ಕೋಬಹುದು, ಅಷ್ಟೆ. ನಿಮ್ಮ ಮೇಡಂ ಸಾಕ್ಷಿ ಹೇಳ್ಲಿ."

ಮೇಡಂ ಗಂಜಿ ಹಾಕಿದ ಸೀರೆಯುಟ್ಟು, ಕೊಡೆ ಹಿಡಿದು ಕಟಕಟೆ ಹತ್ತಿದರು. ಸರ್ಕಾರಿ ವಕೀಲರು ಬಹಳ ಮರ್ಯಾದೆಯಿಂದ ಕೇಳಿದರು. ಈತ ಒಬ್ಬನೇ ಬಸ್ಸಿನಲ್ಲಿ ಓಡಾಡುತ್ತಾನೆಯೇ? "ಓಡಾಡ್ತಾನೆ, ಯಾವ ನಂಬರಿನ ಬಸ್ಸು ಅಂತಾನೂ ಗೊತ್ತು." ಚಿಲ್ಲರೆ ತಿಳಿಯುತ್ತದೆಯೇ? "ತಿಳಿಯುತ್ತೆ." ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಾನೆಯೇ? "ನೀವೇ ಕೇಳಿ ನೋಡಿ, ಎಷ್ಟು ಚೆನ್ನಾಗಿ ಹೇಳ್ತಾನೆ." ಹೊಡೆಯುವುದು ತಪ್ಪು ಎಂದು ಗೊತ್ತೇ? "ಗೊತ್ತು. ನಾವೇ ಕಲಿಸಿದ್ದೀವಿ. ನಮ್ಮ ಹುಡುಗ ಸುಳ್ಳು ಹೇಳೋನಲ್ಲ."

ಅಷ್ಟು ವರ್ಷ ಶಾಲೆ ನೋಡಲು ಬಂದವರ ಮುಂದೆ ಹೇಳಿದ್ದನ್ನೇ ಅದೇ ದನಿಯಲ್ಲಿ ಹೇಳುತ್ತಾ ಹೋದರು. ನಮ್ಮ ಮಕ್ಕಳಿಗೆ ಇದು ಬರುವುದಿಲ್ಲ ಎನ್ನುವ ಮಾತು ಆ ಬಾಯಲ್ಲಿ ಎಂದೂ ಬಂದಿರಲಿಲ್ಲ, ಅವತ್ತೂ ಬರಲಿಲ್ಲ. ನಾಗೇಶ್ ತಲೆ ತಗ್ಗಿಸಿ ಕೂತಿದ್ದ. ಜಗಲಿಗೆ ಬಂದ ಮೇಲೆ ಮೇಡಂ ಕಲ್ಲಿನ ಬೆಂಚಿನ ಮೇಲೆ ಕುಸಿದರು.

"ಕಮಲಾ, ಇನ್‌ಸ್ಪೆಕ್ಷನ್‌ಗೆ ಹೇಳಿದ ಹಾಗೆ ಹೇಳಿಬಿಟ್ಟೆ ಕಣೇ."

ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನೀರು ತಂದು ಕೊಟ್ಟೆ. ಬೇರೇನೂ ಮಾಡಲು ಇರಲಿಲ್ಲ.

ಆಮೇಲೆ ಜಡ್ಜರು ಮುನಿರಾಜುವನ್ನೇ ಕೇಳಿದರು. ಅವನು ನೆಟ್ಟಗೆ ನಿಂತ, ಮುಖ ನೋಡಿದ, ನಕ್ಕ. "ನಮಸ್ಕಾರ ಸಾರ್." ಸತ್ತವರ ಗಾಯಗಳನ್ನು ಓದಿ ಹೇಳುತ್ತಿದ್ದಾಗಲೂ ಆ ನಗು ಹಾಗೇ ಇತ್ತು. ನನ್ನ ಮುಂದಿನ ಸಾಲಿನಲ್ಲಿ ರುದ್ರಯ್ಯನವರ ಹೆಂಡತಿ ಕೂತಿದ್ದರು. ಆಯಮ್ಮ ತಿರುಗಿ ನನ್ನನ್ನು ನೋಡಿ, "ನೋಡವ್ವ, ನಗ್ತಾವ್ನೆ" ಎಂದರು. ಬೈಗುಳವಾಗಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಯಮ್ಮ ನಂಬಲಾರದೆ ಕೇಳಿದ ಹಾಗಿತ್ತು.

ತೀರ್ಪಿನ ದಿನ ಜಡ್ಜರು ಗಲ್ಲಿಗೆ ಕಾರಣಗಳನ್ನು ಓದಿದರು. ತನ್ನೊಡನೆ ಅನ್ನ ಹಂಚಿಕೊಂಡು ತಿನ್ನುತ್ತಿದ್ದ ನಿರಾಯುಧ ಮುದುಕನನ್ನು ಕೊಂದಿದ್ದಾನೆ. ಹುಚ್ಚನಲ್ಲ. ಈ ನ್ಯಾಯಾಲಯದಲ್ಲಿ ಒಂದು ದಿನವೂ ಪಶ್ಚಾತ್ತಾಪ ತೋರಿಸಲಿಲ್ಲ, ಪ್ರತಿದಿನ ನಗುತ್ತಲೇ ಇದ್ದ. ಪ್ರಾಣ ಹೋಗುವವರೆಗೆ ನೇಣು ಹಾಕತಕ್ಕದ್ದು. ಓದಿದ್ದು ಕನ್ನಡವೇ ಆದರೂ ಗಂಗಮ್ಮನಿಗೆ ಆ ಕನ್ನಡ ಅರ್ಥವಾಗಲಿಲ್ಲ, ನನ್ನ ತೋಳು ಅಲ್ಲಾಡಿಸಿ, "ಏನಂದ್ರವ್ವ, ಏನಂದ್ರು?" ಎಂದು ಕೇಳುತ್ತಿದ್ದಳು. ಅಷ್ಟರಲ್ಲಿ ಕಟಕಟೆಯಿಂದ ಕೇಳಿಸಿತು.

"ಆಯ್ತು ಸಾರ್. ಥ್ಯಾಂಕ್ಯೂ ಸಾರ್."

ಆ ಸಂಜೆ ದೀಪ ಹಚ್ಚಿ ಕೂತೆ. ಅವನಿಗೆ ಏನೂ ಅರ್ಥವಾಗಲಿಲ್ಲವಲ್ಲ, ಅದೊಂದು ದಯೆ ಎಂದು ಹೇಳಬಹುದಿತ್ತು. ಬತ್ತಿಯನ್ನೇ ತಿದ್ದುತ್ತಿದ್ದೆ. ನಮ್ಮನೆಯವರು ಬಾಗಿಲಲ್ಲಿ ನಿಂತು, "ಇವತ್ತು ಏನೂ ಹೇಳ್ಬೇಡ, ಸುಮ್ನೆ ದೀಪ ಹಚ್ಚಿದ್ರೆ ಸಾಕು ಬಿಡೆ" ಎಂದರು. ಆ ಮಾತನ್ನೇ ಅವತ್ತಿನ ದಯೆ ಎಂದುಕೊಂಡೆ.

ಸೆಷನ್ಸ್ ಕೋರ್ಟು ಗಲ್ಲು ಹಾಕಿ ಎಂದರೆ ಹೈಕೋರ್ಟು ಒಪ್ಪಬೇಕು, ಅಲ್ಲಿಯವರೆಗೆ ಹಾಕುವ ಹಾಗಿಲ್ಲ. ಇದನ್ನು ನನಗೆ ಹೇಳಿದವನು ನಾಗೇಶ್. ನಾನು ಅವನಿಗೆ ಹೊಂಗೆ ಮರದ ಕೆಳಗಿನ ಕುರ್ಚಿಯ ವಿಷಯ ಹೇಳಿದೆ. ನಗಬೇಕು, ಅಳಬಾರದು, ಏನು ಕೇಳಿದರೂ ಹೌದು ಎನ್ನಬೇಕು, ಕೊನೆಗೆ ಥ್ಯಾಂಕ್ಯೂ ಎನ್ನಬೇಕು. ಅವನು ಬರೆದುಕೊಳ್ಳುತ್ತಿದ್ದವನು ಪೆನ್ನು ಕೆಳಗಿಟ್ಟ.

"ಅಮ್ಮಾ, ಹಂಗಾದ್ರೆ ಕೋರ್ಟಲ್ಲಿ ಇವನು ಒಂದು ಮಾತೂ ಆಡಿಲ್ಲ. ನಿಮ್ಮ ಪಾಠ ಒಪ್ಪಿಸಿದ್ದಾನೆ."

ಹೈಕೋರ್ಟಿನಲ್ಲಿ ನಾಗೇಶನ ಸೀನಿಯರ್ ವಾದಿಸಿದರು. ಇವನನ್ನು ಮಾನಸಿಕ ಆಸ್ಪತ್ರೆಯ ತಜ್ಞರು ಸರಿಯಾಗಿ ನೋಡಲಿ ಎಂದು ಕೇಳಿಕೊಂಡರು, ನ್ಯಾಯಮೂರ್ತಿಗಳು ಒಪ್ಪಿದರು. ಪರಿಚಯದವರು ಇದ್ದರೆ ಒಳ್ಳೆಯದು ಎಂದು ಆಸ್ಪತ್ರೆಯಲ್ಲಿ ನನ್ನನ್ನೂ ಒಂದು ಮೂಲೆಯಲ್ಲಿ ಕೂರಿಸಿದರು. ಪರೀಕ್ಷೆ ಮಾಡಿದವರು ಒಬ್ಬ ಹೆಂಗಸು ಡಾಕ್ಟರ್. ಮರದ ತುಂಡುಗಳು, ಚಿತ್ರಗಳು ಎಲ್ಲ ಆದ ಮೇಲೆ ಆಯಮ್ಮ ನಗುನಗುತ್ತಾ ಕೇಳಿದರು.

"ಮುನಿರಾಜು, ಈ ಆಸ್ಪತ್ರೆಗೆ ನೀನೇ ದೊಡ್ಡ ಡಾಕ್ಟರಂತೆ, ಹೌದಾ?"

"ಹೌದು ಮೇಡಂ."

"ನಿನ್ನೆ ಈ ಗೋಡೆ ಮೇಲೆ ಹಾರಿ ಹೋಗಿದ್ಯಂತೆ?"

"ಹೌದು ಮೇಡಂ."

"ರುದ್ರಯ್ಯ ಸತ್ತ ದಿನ ನೀನು ಅಲ್ಲಿ ಇರ್ಲೇ ಇಲ್ವಂತೆ?"

"ಹೌದು ಮೇಡಂ."

ಡಾಕ್ಟರ್ ನಗುವುದನ್ನು ನಿಲ್ಲಿಸಿದರು. ಬೇರೆ ಥರ ಕೇಳಿದರು. ಹೌದು ಅಲ್ಲ ಎಂದು ಹೇಳಲಾಗದ ಹಾಗೆ.

"ನೇಣು ಹಾಕ್ತಾರೆ ಅಂತ ಹೇಳಿದಾರಲ್ಲಪ್ಪ. ಹಾಕಿದ ಮೇಲೆ ಏನಾಗುತ್ತೆ?"

ಅವನು ಬಹಳ ಯೋಚಿಸಿದ. ಹಣೆ ಬೆವರಿತು. ಪಾಠದಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

"ಆದ್ಮೇಲೆ ಬಿಟ್ಬಿಡ್ತಾರೆ. ಅವ್ವ ಬರ್ತದೆ. ಬಸ್ಸಲ್ಲಿ ಓಗ್ತೀವಿ."

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದೆ.

ಹುಚ್ಚಲ್ಲ, ಆದರೆ ಏಳೆಂಟು ವರ್ಷದ ಮಗುವಿನ ಬುದ್ಧಿ ಎಂದು ಆ ಡಾಕ್ಟರ್ ಬರೆದುಕೊಟ್ಟರು. ಹೈಕೋರ್ಟಿನ ತೀರ್ಪಿಗೆ ಮಳೆಗಾಲ ಕಳೆಯಬೇಕಾಯಿತು. ತಪ್ಪು ಮಾಡಿದ್ದಾನೆ, ಅದರಿಂದ ಬಿಡುಗಡೆ ಇಲ್ಲ ಎಂದರು. ಆದರೆ ಇನ್ನೊಬ್ಬನ ಮಾತಿಗೆ ಕೈ ಎತ್ತಿರುವ ಸಂಭವವಿದೆ, ಮಗುವಿನ ಬುದ್ಧಿಯವನ ನಗುವನ್ನು ಕಲ್ಲೆದೆ ಎಂದು ತಿಳಿಯಲಾಗದು, ಇಂಥವನನ್ನು ಗಲ್ಲಿಗೆ ಕಳಿಸಬೇಕಾಗಿಲ್ಲ ಎಂದು ಜೀವಾವಧಿಗೆ ಇಳಿಸಿದರು. ಅವನ ಪುಣ್ಯ, ಆ ದಿನ ಆ ಪೀಠದಲ್ಲಿ ಕೂತವರು ಓದಿ ಯೋಚಿಸಿದರು. ಇಂಥವರನ್ನು ಗಲ್ಲಿಗೇರಿಸಬಾರದು ಎಂದು ಕಾನೂನೇ ಹೇಳಿದ್ದರೆ ಪುಣ್ಯವನ್ನು ನೆಚ್ಚಿಕೊಂಡು ಕೂರಬೇಕಾಗಿರಲಿಲ್ಲ.

ಹೈಕೋರ್ಟಿನ ಮೆಟ್ಟಿಲ ಬಳಿ ರುದ್ರಯ್ಯನವರ ಹೆಂಡತಿ ನನ್ನನ್ನು ತಡೆದರು.

"ನಿಮ್ ಉಡ್ಗ ಪೆದ್ದ ಅಂತ ಬಿಟ್ರಂತೆ. ಅವ್ನು ಪೆದ್ದ ಆದ್ರೆ ನನ್ ಗಂಡ ಎದ್ ಬತ್ತಾನೇನವ್ವ?"

ಆಯಮ್ಮನ ಕೈ ಹಿಡಿಯಲು ಹೋದೆ, ಕೊಡವಿಕೊಂಡು ಹೋದರು. ಅದು ಅವರ ಹಕ್ಕು.

ಮಾರನೆಯ ದಿನ ಜೈಲಿಗೆ ಹೋಗಿ ಮುನಿರಾಜುವಿಗೆ ಹೇಳಿದೆ. "ನಿನ್ನ ಪ್ರಾಣ ತೆಗೆಯಲ್ಲ ಕಣಪ್ಪ. ಗಲ್ಲು ತಪ್ಪಿತು." ಅವನು ನೆಟ್ಟಗೆ ನಿಂತು ನಕ್ಕ. "ಆಯ್ತು ಟೀಚರಮ್ಮ. ಥ್ಯಾಂಕ್ಯೂ ಟೀಚರಮ್ಮ." ಸಾವಿಗೆ ಹೇಳಿದ ಮಾತು ಯಾವುದೋ, ಬದುಕಿಗೂ ಅದೇ.

ಶಾಲೆಯಲ್ಲಿ ಮೇಡಂ ಆ ಕುರ್ಚಿಯನ್ನು ಮರದ ಕೆಳಗಿನಿಂದ ಎತ್ತಿಸಿದರು. ನಾವು ಹೊಸ ಪಾಠ ಶುರು ಮಾಡಿದೆವು. 'ಇಲ್ಲ' ಎನ್ನುವುದು, 'ಗೊತ್ತಿಲ್ಲ' ಎನ್ನುವುದು, 'ಬೇಡ' ಎನ್ನುವುದು. ಕೇಳಲು ಸುಲಭ, ಕಲಿಸಲು ಬಲು ಕಷ್ಟ. ಉಪ್ಪು ಹಾಕಿದ ಹಾಲು ಕೊಟ್ಟು, "ಚೆನ್ನಾಗಿದೆಯಾ?" ಎಂದು ಕೇಳುವೆವು. ಮಕ್ಕಳು ಮುಖ ಹಿಂಡಿಕೊಂಡು ಕುಡಿದು "ಚೆನ್ನಾಗೈತೆ" ಎನ್ನುವರು. ಸರಸಿ ಮೊದಲ ಸಲ ಲೋಟ ತಳ್ಳಿ "ಥೂ, ಬ್ಯಾಡ!" ಎಂದ ದಿನ ಮೇಡಂ ತಾವೇ ಎದ್ದು ಹುರಿಗಡಲೆ ತಂದರು. ಎರಡು ಫ್ಯಾಕ್ಟರಿಯವರು, ನಿಮ್ಮ ಹುಡುಗರು ಎದುರು ಮಾತಾಡುತ್ತಾರೆ ಎಂದು ಕೆಲಸಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟರು. ಬಿಡಲಿ ಎಂದರು ಮೇಡಂ. ಹುಡುಗಿಯರೇ, ನಿಮಗೂ ಅಂಥವರು ಸಿಗುತ್ತಾರೆ. ಸೌಮ್ಯವಾದ, ಎದುರಾಡದ ಮಕ್ಕಳೇ ಬೇಕು ಎನ್ನುತ್ತಾರೆ. ಮುನಿರಾಜುವನ್ನು ನೆನೆಸಿಕೊಳ್ಳಿ.

ಗಂಗಮ್ಮ ಕಾಲುನೋವಿಗೆ ಹಾಸಿಗೆ ಹಿಡಿದ ಮೇಲೆ ಜೈಲಿಗೆ ನಾನೊಬ್ಬಳೇ ಹೋಗುತ್ತಿದ್ದೆ. ವರ್ಷಗಳು ಉರುಳಿದವು. ಒಳ್ಳೆಯ ನಡತೆಯವನು ಎಂದು ಅವನನ್ನು ಜಾಲರಿಯ ಈಚೆ, ಆಫೀಸಿನ ಪಕ್ಕದ ಬೆಂಚಿನ ಮೇಲೆ ನನ್ನ ಜೊತೆ ಕೂರಿಸುತ್ತಿದ್ದರು. ಒಂದು ಚಳಿಗಾಲ, ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ಅವರೆಕಾಳಿನ ಸಾರು ಮಾಡಿದ್ದೆ. ಜೈಲಿನವರನ್ನು ಕೇಳಿಕೊಂಡು ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿದ್ದೆ. ಜೊತೆಗೆ ಒಂದು ಮುದ್ದೆ. ಅದರ ಬಗ್ಗೆ ನಾನು ಬೇರೇನೂ ಯೋಚಿಸಿರಲಿಲ್ಲ. ಅವರೆಸಾರಿಗೆ ನಮ್ಮ ಕಡೆ ಮುದ್ದೆ ತಾನೇ.

ಅವನು ಮುಚ್ಚಳ ತೆಗೆದವನು ಮುಟ್ಟಲಿಲ್ಲ. ನೋಡುತ್ತಾ ಕೂತ.

"ತಾತ ಮುದ್ದೆ ಬಿಟ್ಬಿಟ್ರು ಟೀಚರಮ್ಮ."

"ಹೂಂ ಕಣಪ್ಪ."

"ಆಮೇಲ್ ತಿಂದ್ರಾ?"

"ಇಲ್ಲಪ್ಪ."

"ನಾಳಿಕ್?"

ನಾನು ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ. "ಇಲ್ಲಪ್ಪ. ತಾತ ಇನ್ಯಾವತ್ತೂ ತಿನ್ನಲ್ಲ. ಏಳಲ್ಲ. ಬರಲ್ಲ."

ಅವನ ಹಣೆಯಲ್ಲಿ ಆ ಆಸ್ಪತ್ರೆಯ ದಿನದ ಬೆವರು. ಕಲಿತ ನಗು ತುಟಿಗೆ ಬಂತು, ನಿಲ್ಲಲಿಲ್ಲ, ಮತ್ತೆ ಬಂತು. ತನ್ನ ಬಲಗೈಯನ್ನು ತೆರೆದು ನೋಡಿದ, ಮುಚ್ಚಿದ. ಕೂದಲು ಅಲ್ಲಲ್ಲಿ ನೆರೆತ ಆ ಗಂಡಸು ಹೆದರಿದ ಕಣ್ಣಲ್ಲಿ ನನ್ನನ್ನು ನೋಡಿ, ಪಿಸುದನಿಯಲ್ಲಿ ಕೇಳಿದ.

"ಟೀಚರಮ್ಮ, ಅಳ್ಬೌದಾ?"

"ಅಳಪ್ಪ" ಎಂದೆ.

ಅವನು ಅತ್ತ. ಬೆಂಚು ಅಲುಗುವ ಹಾಗೆ ಅತ್ತ. ವಾರ್ಡರ್ ಓಡಿ ಬಂದು, "ಏನಮ್ಮ, ಸದಾ ನಗ್ತಾ ಇರೋನು, ಏನಂದ್ರಿ ಅವನಿಗೆ?" ಎಂದ. ಕೋರ್ಟು ಅಷ್ಟು ದಿನ ಕಾದು ಕಾಣದೆ ಹೋದದ್ದು ಇಲ್ಲಿ ಬಂದಿತ್ತು. ನೋಡಲು ನಾನೊಬ್ಬಳೇ ಇದ್ದೆ. ಸುಮ್ಮನಾಗು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಸೆರಗು ಕೈಯಲ್ಲೇ ಇತ್ತು, ಒರೆಸಲಿಲ್ಲ.